ಕೆಡವೋದು ಯಾಕೆ, ಒಂದು ಕೋಣೆ ಸೇರಿಸಿ ಕೊಡ್ತೀವಿ

ಕಟ್ಟಡ ಬೀಳೋದನ್ನ ತೋರಿಸೋದು ಅಂದ್ರೆ ನಮ್ಮ ಟಿವಿಯವರಿಗೆ ಹಬ್ಬ. ಸುಳ್ಳು ಯಾಕೆ ಹೇಳಲಿ? 2022ರ ಆಗಸ್ಟ್ 28ರಂದು ನೋಯ್ಡಾದ ಅವಳಿ ಗೋಪುರಗಳನ್ನು ಉರುಳಿಸಿದಾಗ ದೇಶದ ಅಷ್ಟೂ ಚಾನೆಲ್‌ಗಳು ಬೆಳಗ್ಗೆಯಿಂದಲೇ ಕೌಂಟ್‌ಡೌನ್ ಹಾಕಿಕೊಂಡು ಕೂತಿದ್ದವು. 3,700 ಕೆಜಿ ಸ್ಫೋಟಕ, ಕುತುಬ್ ಮಿನಾರ್‌ಗಿಂತ ಎತ್ತರದ ಕಟ್ಟಡ, ಬೀಳೋಕೆ ಹಿಡಿದಿದ್ದು ಹತ್ತಿರ ಹತ್ತಿರ ಹತ್ತು ಸೆಕೆಂಡ್. ಅದಕ್ಕೂ ಮೊದಲು, 2020ರ ಜನವರಿಯಲ್ಲಿ ಕೊಚ್ಚಿಯ ಮರಡುವಿನ ಫ್ಲಾಟ್‌ಗಳು. ಅಲ್ಲೂ ಇದೇ ಕತೆ. ಎರಡೂ ಕಡೆ ಕಾನೂನು ಮುರಿದು ಕಟ್ಟಿದ್ದರು, ಸುಪ್ರೀಂ ಕೋರ್ಟ್ ಆದೇಶ ಇತ್ತು, ಕೆಡವಿದರು. ಆ ಬಗ್ಗೆ ನನ್ನ ತಕರಾರಿಲ್ಲ.

ಇವತ್ತು ನಾನು ಹೇಳೋಕೆ ಹೊರಟಿರೋದು ಬೇರೆ ಥರದ ಕಟ್ಟಡಗಳ ಬಗ್ಗೆ. ಕಾನೂನು ಮುರಿದಿಲ್ಲ. ಬೀಳೋ ಸ್ಥಿತಿಯಲ್ಲೂ ಇಲ್ಲ. ಹಳೇದಾಗಿವೆ, ನೋಡೋಕೆ ಚೆಂದ ಇಲ್ಲ, ಒಳಗೆ ಬಡವರು ಇದ್ದಾರೆ. ಅಷ್ಟೇ ಅಪರಾಧ. ಇಂಥ ಕಟ್ಟಡಗಳನ್ನು ಕೆಡವಿ ಹೊಸದು ಕಟ್ಟಬೇಕು ಅಂತ ಸರ್ಕಾರವೇ ಹೊರಟಾಗ, ‘ಬೇಡ, ಅದೇ ದುಡ್ಡಲ್ಲಿ, ಅದಕ್ಕಿಂತ ಕಡಿಮೆ ದುಡ್ಡಲ್ಲಿ ಇರೋ ಮನೆಗೇ ಇನ್ನೊಂದು ಕೋಣೆ ಸೇರಿಸಿ ಕೊಡ್ತೀವಿ’ ಅಂತ ಲೆಕ್ಕ ಹಾಕಿ ತೋರಿಸಿದ ಇಬ್ಬರು ಆರ್ಕಿಟೆಕ್ಟ್‌ಗಳಿದ್ದಾರೆ. ಫ್ರಾನ್ಸ್‌ನವರು. ಆನ್ ಲಕಾಟನ್ ಮತ್ತು ಜಾನ್ ಫಿಲಿಪ್ ವಸಾಲ್. 2021ರಲ್ಲಿ ಇವರಿಗೆ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು. ಆರ್ಕಿಟೆಕ್ಟ್‌ಗಳ ನೊಬೆಲ್ ಅಂತಾರಲ್ಲ, ಅದು. 2018ರಲ್ಲಿ ನಮ್ಮ ಬಾಲಕೃಷ್ಣ ದೋಶಿಯವರಿಗೆ ಬಂದಿತ್ತು. ಬನ್ನೇರುಘಟ್ಟ ರಸ್ತೆಯ ಐಐಎಂ ಕ್ಯಾಂಪಸ್ ಕಟ್ಟಿದ್ದು ದೋಶಿಯವರೇ. ಆ ಕಲ್ಲಿನ ಕಾರಿಡಾರ್‌ಗಳಲ್ಲಿ ಓಡಾಡಿದವರಿಗೆ ಅವರ ಕೈಚಳಕ ಗೊತ್ತಿರುತ್ತೆ.

ಪ್ರಿಟ್ಜ್‌ಕರ್ ಸಾಮಾನ್ಯವಾಗಿ ಯಾರಿಗೆ ಸಿಗುತ್ತಿತ್ತು? ಫೋಟೋ ನೋಡಿದ ತಕ್ಷಣ ‘ವ್ಹಾ’ ಅನ್ನೋ ಕಟ್ಟಡ ಕಟ್ಟಿದವರಿಗೆ. ಮ್ಯೂಸಿಯಂ, ಒಪೆರಾ ಹೌಸ್, ಅಲೆ ಅಲೆಯಾದ ಛಾವಣಿ. ಈ ಇಬ್ಬರ ಕಟ್ಟಡದ ಫೋಟೋ ನೋಡಿದರೆ ನಿಮಗೆ ಹಾಗೇನೂ ಅನಿಸಲ್ಲ. ಕಬ್ಬಿಣದ ಚೌಕಟ್ಟು, ಪಾರದರ್ಶಕ ಶೀಟು, ಕರ್ಟನ್ನು. ‘ಇದಕ್ಕಾ ಪ್ರಶಸ್ತಿ?’ ಅಂತ ಕೇಳ್ತೀರಿ. ಅದಕ್ಕೇ ಇವರು ಕೆಲಸ ಮಾಡಿದ ಬಗೆಯನ್ನ ಬಿಡಿಸಿ ಹೇಳಬೇಕು.

ಲಕಾಟನ್ ಹುಟ್ಟಿದ್ದು 1955ರಲ್ಲಿ ಫ್ರಾನ್ಸ್‌ನ ಒಂದು ಸಣ್ಣ ಊರಲ್ಲಿ. ವಸಾಲ್ ಹುಟ್ಟಿದ್ದು 1954ರಲ್ಲಿ ಮೊರಾಕೊದ ಕಾಸಾಬ್ಲಾಂಕಾದಲ್ಲಿ. ಇಬ್ಬರೂ ಭೇಟಿಯಾಗಿದ್ದು ಬೋರ್ಡೋ ನಗರದ ಆರ್ಕಿಟೆಕ್ಚರ್ ಕಾಲೇಜಲ್ಲಿ. 1980ರಲ್ಲಿ ಡಿಗ್ರಿ ಮುಗಿದ ಮೇಲೆ ವಸಾಲ್ ಪಶ್ಚಿಮ ಆಫ್ರಿಕಾದ ನೈಜರ್ ದೇಶಕ್ಕೆ ಹೋದರು, ನಗರ ಯೋಜನೆಯ ಕೆಲಸಕ್ಕೆ. ಲಕಾಟನ್ ಬೋರ್ಡೋದಲ್ಲಿ ಓದು ಮುಂದುವರಿಸಿ, ಆಗಾಗ ಅಲ್ಲಿಗೆ ಹೋಗಿ ಬರುತ್ತಿದ್ದರು. ನೈಜರ್ ಅಂದರೆ ಸಹಾರಾ ಮರುಭೂಮಿಯ ಅಂಚು. ಪ್ರಪಂಚದ ಅತ್ಯಂತ ಬಡ ದೇಶಗಳಲ್ಲಿ ಒಂದು. ಅಲ್ಲಿನ ಜನ ಏನೂ ಇಲ್ಲದೆ, ನಾಲ್ಕು ಕೋಲು ನೆಟ್ಟು ಒಂದು ಬಟ್ಟೆ ಕಟ್ಟಿ ನೆರಳು ಮಾಡಿಕೊಳ್ಳುತ್ತಿದ್ದರು. ಸಿಕ್ಕಿದ್ದನ್ನು ಬಿಸಾಕದೆ ಮತ್ತೊಂದಕ್ಕೆ ಬಳಸುತ್ತಿದ್ದರು. ನಮ್ಮ ಹಳ್ಳಿ ಕಡೆ ಹಳೇ ಸೀರೆ ಕೌದಿ ಆಗುತ್ತಲ್ಲ, ಹಾಗೆ.

1984ರಲ್ಲಿ ಇಬ್ಬರೂ ಸೇರಿ ನೈಜರ್ ರಾಜಧಾನಿ ನಿಯಾಮೆಯ ಹತ್ತಿರ ಒಂದು ಹುಲ್ಲಿನ ಗುಡಿಸಲು ಕಟ್ಟಿದರು. ಅವರ ಮೊದಲ ಕಟ್ಟಡ ಅದು. ಜಾಗ ಹುಡುಕೋಕೇ ಆರು ತಿಂಗಳು ತಗೊಂಡರು. ಗಾಳಿ ಎಲ್ಲಿಂದ ಬರುತ್ತೆ, ನೆರಳು ಎಲ್ಲಿ ಬೀಳುತ್ತೆ ಅಂತ ನೋಡಿ ನೋಡಿ ಕೊನೆಗೆ ಸ್ಥಳೀಯ ಪೊದೆಗಳ ಕಡ್ಡಿಯಲ್ಲೇ ಕಟ್ಟಿದರು. ಎರಡು ವರ್ಷದೊಳಗೆ ಗಾಳಿಗೆ ಹಾರಿಹೋಯ್ತು! ಬೇರೆಯವರಾದರೆ ತಮ್ಮ ಬಯೋಡೇಟಾದಿಂದ ಅದನ್ನ ಅಳಿಸಿ ಹಾಕುತ್ತಿದ್ದರು. ಇವರು ಈಗಲೂ ತಮ್ಮ ಮೊದಲ ಕೆಲಸ ಅಂತ ಅದನ್ನೇ ತೋರಿಸುತ್ತಾರೆ. ಇಬ್ಬರೂ ಸೇರಿ ಸ್ವಂತ ಆಫೀಸ್ ತೆರೆದದ್ದು 1987ರಲ್ಲಿ.

ಈಗ ನನಗೆ ಬಹಳ ಇಷ್ಟವಾದ ಪ್ರಸಂಗಕ್ಕೆ ಬರ್ತೀನಿ. 1996. ಬೋರ್ಡೋ ನಗರಾಡಳಿತ ಊರಿನ ಹಲವು ಚೌಕಗಳನ್ನು ಸುಂದರಗೊಳಿಸೋ ಯೋಜನೆ ಹಾಕಿತು. ಲೆಯೋನ್ ಓಕೋಕ್ ಅನ್ನೋ ಚಿಕ್ಕ ಚೌಕ ಇವರ ಪಾಲಿಗೆ ಬಂತು. ಸುತ್ತ ಕೆಲಸಗಾರರ ಮನೆಗಳು, ನಡುವೆ ಮರಗಳು, ಬೆಂಚುಗಳು, ಮುದುಕರು ಕಬ್ಬಿಣದ ಗುಂಡು ಉರುಳಿಸಿ ಆಟ ಆಡುವ ಜಾಗ. ಸುಂದರಗೊಳಿಸಿ ಅಂದರೆ ನಮ್ಮಲ್ಲಿ ಏನು ಮಾಡ್ತಾರೆ? ಇರೋ ಫುಟ್‌ಪಾತ್ ಕಿತ್ತು ಗ್ರಾನೈಟ್ ಹಾಕ್ತಾರೆ, ಅಲಂಕಾರಿಕ ದೀಪದ ಕಂಬ ನಿಲ್ಲಿಸ್ತಾರೆ, ಒಂದು ಕಾರಂಜಿ ಕೂರಿಸ್ತಾರೆ. ಕಾರಂಜಿ ಉದ್ಘಾಟನೆ ದಿನ ಚಿಮ್ಮುತ್ತೆ, ಆಮೇಲೆ ಸೊಳ್ಳೆ ಸಾಕಣೆ ಕೇಂದ್ರ ಆಗುತ್ತೆ.

ಇವರು ಏನು ಮಾಡಿದ್ರು ಗೊತ್ತಾ? ಆ ಚೌಕದಲ್ಲಿ ಹೋಗಿ ಕೂತರು. ಒಂದಿನ ಅಲ್ಲ, ಬೇಕಾದಷ್ಟು ದಿನ. ಅಲ್ಲಿನ ಜನರ ಜೊತೆ ಮಾತಾಡಿದರು. ಕೊನೆಗೆ ಕೊಟ್ಟ ವರದಿಯ ಸಾರ ಇಷ್ಟು: ಈ ಚೌಕ ಈಗಾಗಲೇ ಸುಂದರವಾಗಿದೆ, ಇಲ್ಲಿ ಹೊಸದಾಗಿ ಏನೂ ಕಟ್ಟೋದು ಬೇಡ. ಜಲ್ಲಿ ಬದಲಾಯಿಸಿ, ಇನ್ನೂ ಹೆಚ್ಚು ಸಲ ಗುಡಿಸಿ, ಮರಗಳಿಗೆ ಚಿಕಿತ್ಸೆ ಕೊಡಿಸಿ, ವಾಹನ ಸಂಚಾರ ಸ್ವಲ್ಪ ಸರಿಮಾಡಿ. ಮುಗೀತು. ಆರ್ಕಿಟೆಕ್ಟ್‌ಗೆ ಕೆಲಸ ಕೊಟ್ಟರೆ ‘ಕೆಲಸವೇ ಬೇಡ’ ಅಂತ ಬರೆದುಕೊಟ್ಟವರು! ಅವರ ಸಾಧನೆಗಳ ಪಟ್ಟಿಯಲ್ಲಿ ಈ ‘ಏನೂ ಕಟ್ಟದ’ ಚೌಕವೂ ಒಂದು. ನಾನು ಎಷ್ಟೋ ಪಾರ್ಕುಗಳ, ರಸ್ತೆಗಳ ಕಾಮಗಾರಿ ಸುದ್ದಿ ಓದಿದ್ದೀನಿ. ‘ಇಲ್ಲಿ ಖರ್ಚು ಮಾಡೋ ಅಗತ್ಯ ಇಲ್ಲ’ ಅಂತ ಬರೆದ ಒಂದು ವರದಿಯೂ ನನ್ನ ಕೈಗೆ ಬಂದಿಲ್ಲ.

ಅದಕ್ಕೂ ಸ್ವಲ್ಪ ಮುಂಚೆ, 1993ರಲ್ಲಿ, ಬೋರ್ಡೋ ಪಕ್ಕದ ಫ್ಲುವಾರಾಕ್‌ನಲ್ಲಿ ಲಟಾಪಿ ಅನ್ನೋ ಕುಟುಂಬಕ್ಕೆ ಒಂದು ಮನೆ ಕಟ್ಟಿಕೊಟ್ಟಿದ್ದರು. ಕೈಯಲ್ಲಿ ದುಡ್ಡು ಕಡಿಮೆ. ಆ ದುಡ್ಡಿಗೆ ಮಾಮೂಲಿ ಮನೆ ಕಟ್ಟಿದರೆ ಬೆಂಕಿಪೊಟ್ಟಣದಂಥ ಮನೆ ಆಗುತ್ತಿತ್ತು. ಇವರು ಹೋಗಿದ್ದು ಗ್ರೀನ್‌ಹೌಸ್ ಕಡೆಗೆ. ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆ ಹೋಗುವಾಗ ಗುಲಾಬಿ, ಕ್ಯಾಪ್ಸಿಕಂ ಬೆಳೆಯೋ ಪಾಲಿಹೌಸ್ ನೋಡಿರ್ತೀರಲ್ಲ, ಆ ಜಾತಿಯದು. ಮನೆಯ ಅರ್ಧ ಭಾಗ ಮಾಮೂಲಿ ಮನೆ, ಇನ್ನರ್ಧ ಪಾಲಿಕಾರ್ಬೊನೇಟ್ ಶೀಟಿನ ಗ್ರೀನ್‌ಹೌಸ್. ನಮ್ಮಲ್ಲಿ ಟೆರೇಸ್ ಮೇಲೆ, ಬೈಕ್ ಪಾರ್ಕಿಂಗ್ ಮೇಲೆ ಹಾಕಿಸ್ತೀವಲ್ಲ, ಅದೇ ಶೀಟು. ಅಗ್ಗ, ಹಗುರ, ಬೆಳಕು ಒಳಗೆ ಬರುತ್ತೆ. ಚಳಿಗಾಲದಲ್ಲಿ ಮುಚ್ಚಿದರೆ ಬಿಸಿಲು ಒಳಗೆ ಸಿಕ್ಕಿಹಾಕಿಕೊಂಡು ಬೆಚ್ಚಗಿರುತ್ತೆ, ಬೇಸಿಗೆಯಲ್ಲಿ ತೆರೆದುಬಿಟ್ಟರೆ ಗಾಳಿ ಆಡುತ್ತೆ. ಪುಟ್ಟ ಮನೆಯ ಖರ್ಚಲ್ಲಿ ದೊಡ್ಡ ಮನೆ. ಮುಂದೆ ಇವರು ಸಾವಿರಾರು ಜನರ ಬದುಕು ಬದಲಿಸಿದ ಉಪಾಯ ಹುಟ್ಟಿದ್ದು ಈ ಒಂದು ಮನೆಯಲ್ಲಿ. (ಇನ್ನೊಂದು ಮನೆಯನ್ನು 1998ರಲ್ಲಿ ಸಮುದ್ರದ ದಂಡೆಯ ಪೈನ್ ತೋಪಿನಲ್ಲಿ ಕಟ್ಟಿದರು. ಮರ ಕಡಿಯಲಿಲ್ಲ. ನೆಲದಿಂದ ಮೇಲೆತ್ತಿ ಕಟ್ಟಿದ ಮನೆಯ ನೆಲ, ಛಾವಣಿ ತೂರಿಕೊಂಡು ಮರಗಳು ಮೇಲೆ ಹೋಗುತ್ತವೆ. ಅದರ ಫೋಟೋ ಒಮ್ಮೆ ಹುಡುಕಿ ನೋಡಿ.)

ಈಗ ದೊಡ್ಡ ಕತೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಫ್ರಾನ್ಸ್‌ನಲ್ಲಿ ಮನೆಗಳ ಬರ. ಹಳ್ಳಿಯಿಂದ ಪಟ್ಟಣಕ್ಕೆ ಬರುವವರು, ಹಳೇ ವಸಾಹತುಗಳಿಂದ ಬರುವವರು, ಕಾರ್ಖಾನೆ ಕೆಲಸಗಾರರು. ಐವತ್ತು, ಅರವತ್ತರ ದಶಕದಲ್ಲಿ ಸರ್ಕಾರ ನಗರಗಳ ಅಂಚಿನಲ್ಲಿ ಸಾಲು ಸಾಲು ಕಾಂಕ್ರೀಟ್ ಗೋಪುರಗಳನ್ನು ಎಬ್ಬಿಸಿತು. ಶುರುವಿನಲ್ಲಿ ಜನ ಖುಷಿಪಟ್ಟರು. ಮನೆಯೊಳಗೇ ಬಾತ್‌ರೂಮು, ಬಿಸಿನೀರು! ಆಮೇಲೆ ಕಾರ್ಖಾನೆಗಳು ಮುಚ್ಚಿದವು, ನಿರ್ವಹಣೆ ನಿಂತಿತು, ಲಿಫ್ಟ್ ಕೆಟ್ಟವು, ಉಳ್ಳವರು ಬಿಟ್ಟುಹೋದರು. ಉಳಿದವರು ಬಡವರು ಮತ್ತು ವಲಸಿಗರು. ಆ ಗೋಪುರಗಳೇ ಅಪರಾಧಕ್ಕೆ ಕಾರಣ ಅನ್ನೋ ಮಾತು ಶುರುವಾಯ್ತು.

ಈ ಮಾತು ಅಮೆರಿಕದಲ್ಲಿ ಮೊದಲೇ ಕೇಳಿಬಂದಿತ್ತು. ಸೇಂಟ್ ಲೂಯಿ ನಗರದ ಪ್ರೂಯಿಟ್-ಐಗೋ ಅನ್ನೋ ಬಡವರ ವಸತಿ ಸಮುಚ್ಚಯದಲ್ಲಿ ಹನ್ನೊಂದು ಅಂತಸ್ತಿನ 33 ಕಟ್ಟಡಗಳಿದ್ದವು. ಇಪ್ಪತ್ತು ವರ್ಷವೂ ತುಂಬಿರಲಿಲ್ಲ, 1972ರಲ್ಲಿ ಡೈನಮೈಟ್ ಇಟ್ಟು ಉರುಳಿಸೋಕೆ ಶುರುಮಾಡಿದರು. ಟಿವಿಯಲ್ಲಿ ಅದನ್ನೂ ತೋರಿಸಿದರು. ನಾನು ಮೊದಲೇ ಹೇಳಿದ ಹಬ್ಬ ಇವತ್ತಿನದಲ್ಲ ಸ್ವಾಮಿ. ಅದರ ಆರ್ಕಿಟೆಕ್ಟ್ ಮಿನೊರು ಯಮಸಾಕಿ. ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರ್ ವಿನ್ಯಾಸ ಮಾಡಿದ್ದೂ ಅವರೇ.

ಫ್ರಾನ್ಸ್ ಅದೇ ದಾರಿ ಹಿಡಿಯಿತು. 2003ರಲ್ಲಿ ಸರ್ಕಾರ ಒಂದು ದೊಡ್ಡ ನಗರ ನವೀಕರಣ ಯೋಜನೆ ತಂದಿತು. ಅದರಲ್ಲಿ ಕೆಡವಬೇಕು ಅಂತ ಇಟ್ಟುಕೊಂಡ ಮನೆಗಳ ಗುರಿ ಎಷ್ಟು? 2 ಲಕ್ಷ! ಕೆಡವಿ, ಅಷ್ಟೇ ಮನೆ ಹೊಸದಾಗಿ ಕಟ್ಟೋದು. ಮನೆ ಸಿಗದೆ ಸರ್ಕಾರಿ ವಸತಿಗೆ ಅರ್ಜಿ ಹಾಕಿ ಕಾಯುತ್ತಿರುವವರ ಕ್ಯೂ ಉದ್ದಕ್ಕೆ ಇರುವ ದೇಶದಲ್ಲಿ, ಇರೋ ಮನೆಯನ್ನ ಕೆಡವೋಕೆ ಸರ್ಕಾರದ ದುಡ್ಡು.

2004ರಲ್ಲಿ ಲಕಾಟನ್, ವಸಾಲ್ ಮತ್ತು ಅವರ ಜೊತೆಗಾರ ಫ್ರೆಡೆರಿಕ್ ದ್ರುವೊ ಒಂದು ಅಧ್ಯಯನ ಹೊರತಂದರು. ಹೆಸರು ‘ಪ್ಲಸ್’. ಅಂದರೆ ಕೂಡಿಸು. ಯಾವತ್ತೂ ಕೆಡವಬೇಡಿ, ಕಳೆಯಬೇಡಿ, ಇರೋದಕ್ಕೆ ಸೇರಿಸಿ ಅನ್ನೋದು ಅದರ ತಿರುಳು. ಘೋಷಣೆ ಕೂಗೋದು ಸುಲಭ. ಇವರು ಲೆಕ್ಕ ಕೊಟ್ಟರು. ಒಂದು ಮನೆ ಕೆಡವಿ, ಅವಶೇಷ ಸಾಗಿಸಿ, ಅಲ್ಲಿದ್ದ ಕುಟುಂಬಕ್ಕೆ ಬೇರೆ ಕಡೆ ವ್ಯವಸ್ಥೆ ಮಾಡಿ, ಹೊಸ ಮನೆ ಕಟ್ಟಿಕೊಡುವ ದುಡ್ಡು ಇದೆಯಲ್ಲ, ಅದರಲ್ಲಿ ಒಂದಕ್ಕಿಂತ ಹೆಚ್ಚು ಹಳೇ ಮನೆಗಳನ್ನು ದೊಡ್ಡದು ಮಾಡಿ ಕೊಡಬಹುದು ಅಂತ. ಇವರು ತೋರಿಸಿದ ಇನ್ನೊಂದು ಸಂಗತಿಯೂ ಇದೆ. ಆ ಗೋಪುರಗಳ ಕಾಂಕ್ರೀಟ್ ಅಸ್ಥಿಪಂಜರ ಗಟ್ಟಿಯಾಗಿಯೇ ಇತ್ತು. ಕೆಟ್ಟಿದ್ದು ಚರ್ಮ. ಸಣ್ಣ ಕಿಟಕಿ, ತಣ್ಣನೆ ಗೋಡೆ, ಕತ್ತಲೆಯ ಪ್ರವೇಶದ್ವಾರ.

ಲೆಕ್ಕವನ್ನು ನಿಜ ಮಾಡಿ ತೋರಿಸೋ ಅವಕಾಶ ಸಿಕ್ಕಿದ್ದು ಪ್ಯಾರಿಸ್‌ನ ಉತ್ತರ ಅಂಚಿನಲ್ಲಿ, ರಿಂಗ್ ರೋಡ್ ಪಕ್ಕದಲ್ಲೇ ನಿಂತಿದ್ದ ‘ಬ್ವಾ ಲ ಪ್ರೆತ್ರ್’ ಅನ್ನೋ ಗೋಪುರದಲ್ಲಿ. ಅರವತ್ತರ ದಶಕದ ಆರಂಭದಲ್ಲಿ ರೇಮಂಡ್ ಲೋಪೆಜ್ ಕಟ್ಟಿದ್ದು. ಒಳಗೆ 96 ಮನೆಗಳು. ಎಂಬತ್ತರ ದಶಕದಲ್ಲಿ ಒಂದು ಸಲ ‘ನವೀಕರಣ’ ಅಂತ ಹೊರಗೋಡೆಗೆ ಹಲಗೆ ಹೊಡೆದು ಕಿಟಕಿಗಳನ್ನು ಇನ್ನಷ್ಟು ಚಿಕ್ಕದು ಮಾಡಿದ್ದರು. ಚಳಿ ತಡೆಯೋಕೆ ಮಾಡಿದ ಉಪಾಯ, ಬೆಳಕನ್ನೇ ತಡೆಯಿತು. ಕೆಡವೋ ಮಾತೂ ಬಂದಿತ್ತು. 2005ರಲ್ಲಿ ಸ್ಪರ್ಧೆ ನಡೀತು, ಈ ಮೂವರು ಗೆದ್ದರು, ಕೆಲಸ ಮುಗಿದಿದ್ದು 2011ರಲ್ಲಿ.

ಏನು ಮಾಡಿದರು ಅಂತ ನಿಧಾನಕ್ಕೆ ಹೇಳ್ತೀನಿ, ಯಾಕಂದ್ರೆ ಜಾಣತನ ಇರೋದೇ ಇಲ್ಲಿ. ಗೋಪುರದ ಹೊರಗೆ, ಗೋಡೆಗೆ ಅಂಟಿಕೊಂಡಂತೆ, ತನ್ನದೇ ಕಂಬಗಳ ಮೇಲೆ ನಿಲ್ಲುವ ಇನ್ನೊಂದು ಚೌಕಟ್ಟು ಎಬ್ಬಿಸಿದರು. ಹಳೇ ಕಟ್ಟಡದ ಮೇಲೆ ಅದರ ಭಾರ ಬೀಳಲ್ಲ. ಕಾರ್ಖಾನೆಯಲ್ಲಿ ಮೊದಲೇ ತಯಾರಾದ ಭಾಗಗಳು ಲಾರಿಯಲ್ಲಿ ಬಂದವು, ಕ್ರೇನ್ ಎತ್ತಿ ಒಂದರ ಮೇಲೊಂದು ಇಟ್ಟಿತು. ಸುಮಾರು ಮೂರು ಮೀಟರ್ ಅಗಲ. ಅದರಲ್ಲಿ ಎರಡು ಮೀಟರ್ ಗಾಜು, ಶೀಟಿನಿಂದ ಮುಚ್ಚಬಹುದಾದ ಜಾಗ, ಇನ್ನೊಂದು ಮೀಟರ್ ತೆರೆದ ಬಾಲ್ಕನಿ. ಇದು ನಿಂತ ಮೇಲೆ ಹಳೇ ಹೊರಗೋಡೆಯನ್ನು, ಆ ಚಿಕ್ಕ ಕಿಟಕಿಗಳ ಸಮೇತ, ಕತ್ತರಿಸಿ ತೆಗೆದು ನೆಲದಿಂದ ಚಾವಣಿವರೆಗೆ ಜಾರುವ ಗಾಜಿನ ಬಾಗಿಲು ಹಾಕಿದರು. ಮೊನ್ನೆವರೆಗೆ ಕಿಟಕಿಯಲ್ಲಿ ಇಣುಕಿ ನೋಡುತ್ತಿದ್ದ ಅಜ್ಜಿಗೆ ಈಗ ಕೂತಲ್ಲಿಂದಲೇ ಪ್ಯಾರಿಸ್ ಕಾಣುತ್ತೆ.

ಆ ಮುಚ್ಚಿದ ಜಾಗಕ್ಕೆ ಅವರು ‘ಚಳಿಗಾಲದ ತೋಟ’ ಅಂತಾರೆ. ಅಲ್ಲಿ ಹೀಟರ್ ಇಲ್ಲ. ಕೆಲಸ ಮಾಡೋದು ಬಿಸಿಲು. ಚಳಿಗಾಲದ ಹಗಲಲ್ಲಿ ಸೂರ್ಯನ ಶಾಖ ಗಾಜಿನ ಒಳಗೆ ಉಳಿಯುತ್ತೆ, ಮನೆಗೂ ಹೊರಗಿನ ಚಳಿಗೂ ನಡುವೆ ಬೆಚ್ಚನೆ ಗಾಳಿಯ ಪದರ ಆಗುತ್ತೆ. ರಾತ್ರಿ ದಪ್ಪ ಕರ್ಟನ್ ಎಳೆದರೆ ಆ ಶಾಖ ಒಳಗೇ ಉಳಿಯುತ್ತೆ. ಬೇಸಿಗೆಯಲ್ಲಿ ಎಲ್ಲ ಸರಿಸಿ ತೆರೆದರೆ ಅದೇ ದೊಡ್ಡ ಜಗಲಿ. ನಮ್ಮ ಮಲೆನಾಡು, ಕರಾವಳಿಯ ಹಳೇ ಮನೆಗಳಲ್ಲಿ ಜಗಲಿ ಮಾಡುತ್ತಿದ್ದ ಕೆಲಸವೇ ಇದು, ಅಲ್ಲಿ ಮಳೆ ತಡೀತಿತ್ತು, ಇಲ್ಲಿ ಚಳಿ ತಡೀತು. ಮನೆ ಬೆಚ್ಚಗಿಡೋಕೆ ಬೇಕಾದ ಇಂಧನ ಸುಮಾರು ಅರ್ಧಕ್ಕೆ ಇಳೀತು. ಕಟ್ಟಡದ ವಿಸ್ತೀರ್ಣ 8,900 ಚದರ ಮೀಟರ್‌ನಿಂದ 12,460ಕ್ಕೆ ಏರಿತು. ಖರ್ಚು? ಕೆಡವಿ ಕಟ್ಟಿದ್ದರೆ ಆಗುತ್ತಿದ್ದುದರ ಹೆಚ್ಚುಕಮ್ಮಿ ಅರ್ಧ.

ಇಷ್ಟೆಲ್ಲ ನಡೆಯುವಾಗ ಜನ ಎಲ್ಲಿದ್ದರು? ಅದೇ ಮನೆಗಳಲ್ಲಿ. ಯಾರನ್ನೂ ಊರಾಚೆ ಕಳಿಸಲಿಲ್ಲ. ಕೆಲವರು ಅದೇ ಗೋಪುರದೊಳಗೆ ತಮಗೆ ಸರಿಹೊಂದುವ ಇನ್ನೊಂದು ಮನೆಗೆ ಬದಲಾಯಿಸಿಕೊಂಡರು, ಅಷ್ಟೇ. ಶುರುವಿಗೆ ಮುಂಚೆ ಆರ್ಕಿಟೆಕ್ಟ್‌ಗಳು ಒಂದೊಂದೇ ಮನೆ ನೋಡಿ ಮಾತಾಡಿದ್ದರು. ಇದು ಸಣ್ಣ ವಿಷಯ ಅಂದುಕೋಬೇಡಿ. ಬಡವರ ಕಾಲೋನಿ ಕೆಡವುವಾಗ ‘ಹೊಸ ಮನೆ ರೆಡಿಯಾದ ಮೇಲೆ ವಾಪಸ್ ಬನ್ನಿ’ ಅಂತಾರೆ. ಎಷ್ಟು ಜನ ವಾಪಸ್ ಬರ್ತಾರೆ? ಮಕ್ಕಳ ಶಾಲೆ ಬದಲಾಗಿರುತ್ತೆ, ಮನೆಕೆಲಸದ ಮನೆಗಳು ತಪ್ಪಿರುತ್ತವೆ, ಕಷ್ಟಕ್ಕೆ ಆಗೋ ಪಕ್ಕದ ಮನೆಯವರು ಎಲ್ಲೋ ಇರ್ತಾರೆ. ಕಟ್ಟಡ ಮತ್ತೆ ಕಟ್ಟಬಹುದು. ಆ ನಂಟನ್ನ ಯಾವ ಕಂಟ್ರಾಕ್ಟರ್ ಕಟ್ಟಿಕೊಡ್ತಾನೆ ಹೇಳಿ?

ಪ್ಯಾರಿಸ್‌ನಲ್ಲಿ 96 ಮನೆ. ಬೋರ್ಡೋದಲ್ಲಿ ಅದನ್ನೇ 530 ಮನೆಗೆ ಮಾಡಿದರು. ಗ್ರಾಂ ಪಾರ್ಕ್ ಅನ್ನೋ ಬಡಾವಣೆ, ಅರವತ್ತರ ದಶಕದ ಮೂರು ಉದ್ದನೆ ಕಟ್ಟಡಗಳು, ಹತ್ತರಿಂದ ಹದಿನೈದು ಅಂತಸ್ತು. ಇಲ್ಲಿ ದ್ರುವೊ ಜೊತೆ ಕ್ರಿಸ್ಟೋಫ್ ಹುಟಾಂ ಕೂಡ ಸೇರಿಕೊಂಡರು. ಈ ಸಲ ಹೊರಗೆ ಸೇರಿಸಿದ ಜಾಗ 3.8 ಮೀಟರ್ ಆಳ. ಅಂದರೆ ಹನ್ನೆರಡು ಅಡಿಗೂ ಹೆಚ್ಚು! ನಮ್ಮ ಲೆಕ್ಕದಲ್ಲಿ ಒಂದು ಬೆಡ್‌ರೂಮ್ ಅಗಲ. ಕೆಲವು ಮನೆ ಹತ್ತಿರ ಹತ್ತಿರ ದುಪ್ಪಟ್ಟಾದವು. ಲಿಫ್ಟ್, ಬಾತ್‌ರೂಮ್, ವೈರಿಂಗ್ ಹೊಸದಾದವು. ಒಂದು ಮನೆಯ ಕೆಲಸ ಎರಡು ವಾರದ ಆಸುಪಾಸಿನಲ್ಲಿ ಮುಗೀತಿತ್ತು, ಆಮೇಲೆ ಪಕ್ಕದ ಮನೆ. ಇಲ್ಲೂ ಯಾರೂ ಮನೆ ಬಿಡಲಿಲ್ಲ. ಬಾಡಿಗೆಯನ್ನೂ ಏರಿಸಲಿಲ್ಲ. ಪ್ರಿಟ್ಜ್‌ಕರ್ ಸಮಿತಿ ಕೊಟ್ಟ ಲೆಕ್ಕದ ಪ್ರಕಾರ, ಕೆಡವಿ ಹೊಸದು ಕಟ್ಟೋ ಖರ್ಚಿನ ಮೂರನೇ ಒಂದು ಭಾಗದಲ್ಲಿ ಇಷ್ಟೂ ಆಯ್ತು. 2019ರಲ್ಲಿ ಯುರೋಪಿಯನ್ ಒಕ್ಕೂಟದ ಮೀಸ್ ವಾನ್ ಡೆರ್ ರೋಹೆ ಪ್ರಶಸ್ತಿ ಈ ಕೆಲಸಕ್ಕೆ ಬಂತು. ಹಳೇ ಸರ್ಕಾರಿ ಕ್ವಾರ್ಟರ್ಸ್ ರಿಪೇರಿಗೆ ಯುರೋಪಿನ ಅತಿ ದೊಡ್ಡ ಆರ್ಕಿಟೆಕ್ಚರ್ ಪ್ರಶಸ್ತಿ ಅಂದ್ರೆ ಊಹಿಸಿಕೊಳ್ಳಿ.

ಮನೆಗಳಿಗಷ್ಟೇ ಅಲ್ಲ, ಬೇರೆ ಕಟ್ಟಡಗಳಿಗೂ ಇವರ ನಿಯಮ ಅದೇ. ಹಳೇ ಕಟ್ಟಡಕ್ಕೆ ಹೊಸ ಕೆಲಸ ಕೊಡೋದಕ್ಕೆ ಅಡಾಪ್ಟಿವ್ ರೀಯೂಸ್ ಅಂತಾರೆ. ಬೆಂಗಳೂರಿನವರಿಗೆ ಉದಾಹರಣೆ ಬೇಕಾದರೆ ಫ್ರೀಡಂ ಪಾರ್ಕ್. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಇದ್ದ ಹಳೇ ಸೆಂಟ್ರಲ್ ಜೈಲು ಇವತ್ತು ಪಾರ್ಕು. ಪ್ಯಾರಿಸ್‌ನಲ್ಲಿ 1937ರ ವಸ್ತುಪ್ರದರ್ಶನಕ್ಕೆ ಕಟ್ಟಿದ್ದ ಪಲೇ ದ ಟೋಕಿಯೋ ಅನ್ನೋ ಭವ್ಯ ಕಟ್ಟಡ ಪಾಳು ಬಿದ್ದಿತ್ತು. ಅದನ್ನು ಸಿನಿಮಾ ಕೇಂದ್ರ ಮಾಡ್ತೀವಿ ಅಂತ ಒಳಗೆಲ್ಲ ಒಡೆದು ಅರ್ಧಕ್ಕೇ ಬಿಟ್ಟಿದ್ದರು. ಇವರು ಮಾರ್ಬಲ್ ಹಾಕಲಿಲ್ಲ, ಪೇಂಟ್ ಬಳಿಯಲಿಲ್ಲ. ಒರಟು ಕಾಂಕ್ರೀಟ್ ಹಾಗೇ ಬಿಟ್ಟು, ಸುರಕ್ಷತೆಗೆ ಬೇಕಾದಷ್ಟು ಮಾಡಿ, ಕಡಿಮೆ ದುಡ್ಡಲ್ಲಿ ಕಲಾಕೇಂದ್ರ ಮಾಡಿಕೊಟ್ಟರು. 2002ರ ಜನವರಿಯಲ್ಲಿ ಅದು ತೆರೆಯಿತು. ಡಂಕಿರ್ಕ್ ಬಂದರಿನಲ್ಲಿ ಇನ್ನೂ ಮಜಾ. ಹಡಗು ಕಟ್ಟುವ ಒಂದು ದೈತ್ಯ ಶೆಡ್ ಇತ್ತು, ಅದರೊಳಗೆ ಕಲಾ ಸಂಗ್ರಹಾಲಯ ಮಾಡಿ ಅಂದರು. ಇವರು ಆ ಶೆಡ್ಡಿನ ವಿಶಾಲ ಖಾಲಿತನವೇ ಅದರ ಆಸ್ತಿ, ಅದನ್ನ ತುಂಬಿಸಿ ಹಾಳು ಮಾಡೋದು ಬೇಡ ಅಂತ ಹೇಳಿ, ಪಕ್ಕದಲ್ಲಿ ಅದೇ ಅಳತೆಯ, ಬೆಳಕು ತೂರುವ ಜೋಡಿ ಕಟ್ಟಡ ಕಟ್ಟಿದರು. 2013ರಿಂದ ಅಣ್ಣ ತಮ್ಮನ ಹಾಗೆ ಎರಡೂ ಸಮುದ್ರ ನೋಡುತ್ತಾ ನಿಂತಿವೆ.

ಇವರಿಗೆ ಟೀಕಾಕಾರರು ಇಲ್ವಾ? ಇದ್ದಾರೆ. ಶೀಟು, ಕಬ್ಬಿಣ ನೋಡಿದರೆ ಗೋಡೌನ್ ಥರ ಇದೆ ಅಂತಾರೆ. ಸೌಂದರ್ಯ ನೋಡೋರ ಕಣ್ಣಿಗೆ ಬಿಟ್ಟಿದ್ದು, ಬಿಡಿ. ಗಂಭೀರವಾದ ತಕರಾರು ಬೇರೆ. ಪ್ಯಾರಿಸ್, ಬೋರ್ಡೋದಲ್ಲಿ ಕಟ್ಟಡದ ಮಾಲೀಕ ಒಬ್ಬನೇ, ಸಾರ್ವಜನಿಕ ವಸತಿ ಸಂಸ್ಥೆ. ಅದಕ್ಕೆ ಲಾಭ ಬರಲೇಬೇಕು ಅಂತಿಲ್ಲ. ಸುತ್ತ ಕಟ್ಟೋಕೆ ಖಾಲಿ ಜಾಗ ಇತ್ತು. ಕಾಂಕ್ರೀಟ್ ಗಟ್ಟಿ ಇತ್ತು. ಈ ಮೂರೂ ಇಲ್ಲದ ಕಡೆ ಏನು ಮಾಡ್ತೀರಿ?

ನಮ್ಮಲ್ಲಿ ಈ ಪ್ರಶ್ನೆ ತೀರಾ ಹತ್ತಿರದ್ದು. ಬೆಂಗಳೂರಿನ ಈಜಿಪುರದಲ್ಲಿ ಬಡವರಿಗೆ ಅಂತ ಕಟ್ಟಿದ್ದ ಸುಮಾರು 1,500 ಮನೆಗಳ ಕ್ವಾರ್ಟರ್ಸ್ ಇತ್ತು. ಕಳಪೆ ಕಟ್ಟಡ, ಕೆಲವು ಬ್ಲಾಕ್‌ಗಳು ಕುಸಿದೇ ಹೋಗಿದ್ದವು. ಅಂಥ ಕಡೆ ಹೋಗಿ ‘ಕೆಡವಬೇಡಿ’ ಅನ್ನೋದು ಅಪಾಯ. ಲಕಾಟನ್ ಬಂದರೂ ಆ ಕುಸಿದ ಬ್ಲಾಕ್‌ಗೆ ಬಾಲ್ಕನಿ ಸೇರಿಸೋಕೆ ಆಗಲ್ಲ. ಆದರೆ 2013ರ ಜನವರಿಯ ಚಳಿಯಲ್ಲಿ ಅಲ್ಲಿನ ಕುಟುಂಬಗಳು ಪಾತ್ರೆ ಪಗಡೆ ಸಮೇತ ಬೀದಿಗೆ ಬಿದ್ದದ್ದಕ್ಕೆ ಕಾಂಕ್ರೀಟ್ ಕಾರಣ ಅಲ್ಲ. ಕೆಡವೋದು ಹೇಗೆ ಅಂತ ಯೋಚಿಸಿದವರು, ಜನ ಎಲ್ಲಿರಬೇಕು ಅಂತ ಯೋಚಿಸಿರಲಿಲ್ಲ. ಆಮೇಲೆ ವರ್ಷಗಟ್ಟಲೆ ಆ ಜಾಗ ಖಾಲಿ ಬಿದ್ದಿತ್ತು.

ಇನ್ನೊಂದು ಕಡೆ ಖಾಸಗಿ ಅಪಾರ್ಟ್‌ಮೆಂಟ್‌ಗಳು. ಮೂವತ್ತು, ನಲವತ್ತು ವರ್ಷದ ಕಟ್ಟಡಗಳಿಗೆ ಈಗ ಬಿಲ್ಡರ್‌ಗಳು ಬರ್ತಿದ್ದಾರೆ. ‘ಕೆಡವಿ ಕಟ್ಟಿಕೊಡ್ತೀವಿ, ನಿಮಗೆ ದೊಡ್ಡ ಫ್ಲಾಟು, ಉಳಿದದ್ದು ನಮ್ಮದು.’ ಮುಂಬೈಯಲ್ಲಿ ಇದು ಎಂದೋ ಶುರುವಾಗಿದೆ, ಇಲ್ಲಿ ಈಗ ಕಾವು ಏರ್ತಾ ಇದೆ. ಈ ವ್ಯವಹಾರ ನಿಂತಿರೋದು ಕಟ್ಟಡದ ಆರೋಗ್ಯದ ಮೇಲಲ್ಲ, ಕೆಳಗಿರೋ ಭೂಮಿಯ ಬೆಲೆ ಮತ್ತು ಮೇಲೆ ಎಷ್ಟು ಅಂತಸ್ತು ಏರಿಸಬಹುದು ಅನ್ನೋ ಲೆಕ್ಕದ ಮೇಲೆ. ಕೆಲವರಿಗೆ ಅದು ಲಾಭದ್ದೇ ಇರಬಹುದು, ಬೇಡ ಅನ್ನೋಕೆ ನಾನ್ಯಾರು? ಆದರೆ ಅಸೋಸಿಯೇಷನ್ ಮೀಟಿಂಗ್‌ನಲ್ಲಿ ‘ಕಟ್ಟಡ ಹಳೇದು, ಯಾವಾಗ ಬೀಳುತ್ತೋ’ ಅಂತ ಯಾರಾದರೂ ಹೆದರಿಸಿದರೆ, ಹೆದರಬೇಡಿ, ಪರೀಕ್ಷೆ ಮಾಡಿಸಿ. ಕಾಂಕ್ರೀಟ್‌ಗೂ ಡಾಕ್ಟರ್ ಇದ್ದಾರೆ. ಗೋಡೆ, ಕಂಬದ ಮೇಲೆ ಸ್ಪ್ರಿಂಗ್ ಸುತ್ತಿಗೆ ಬಡಿದು ಗಟ್ಟಿತನ ಅಳೆಯೋ ರಿಬೌಂಡ್ ಹ್ಯಾಮರ್, ಒಳಗೆ ಶಬ್ದದ ಅಲೆ ಹಾಯಿಸಿ ಬಿರುಕು ಹುಡುಕೋ ಅಲ್ಟ್ರಾಸೋನಿಕ್ ಪರೀಕ್ಷೆ, ಸಣ್ಣ ತುಂಡು ಕೊರೆದು ತೆಗೆದು ಲ್ಯಾಬಿನಲ್ಲಿ ಒತ್ತಿ ನೋಡೋ ಕೋರ್ ಟೆಸ್ಟ್, ಕಂಬಿ ಎಷ್ಟು ತುಕ್ಕು ಹಿಡಿದಿದೆ ಅಂತ ನೋಡೋ ಪರೀಕ್ಷೆ. ಇವನ್ನೆಲ್ಲ ಬಿಲ್ಡರ್ ಕಡೆಯವರಿಂದ ಮಾಡಿಸಬೇಡಿ. ಇದರಲ್ಲಿ ನಂಟಿಲ್ಲದ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಂದ ಮಾಡಿಸಿ. ರಿಪೇರಿಗೆ ಎಷ್ಟಾಗುತ್ತೆ ಅಂತ ಅವರಿಂದಲೇ ಬರೆಸಿಕೊಳ್ಳಿ. ಆಮೇಲೆ ಎರಡೂ ಲೆಕ್ಕ ಪಕ್ಕ ಪಕ್ಕ ಇಟ್ಟು ನೋಡಿ.

ಪರಿಸರದ ಮಾತು ಒಂದೇ ವಾಕ್ಯದಲ್ಲಿ ಹೇಳಿಬಿಡ್ತೀನಿ: ಪ್ರಪಂಚದಲ್ಲಿ ಮನುಷ್ಯ ಗಾಳಿಗೆ ಬಿಡುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು 7ರಿಂದ 8 ಪರ್ಸೆಂಟ್ ಬರೀ ಸಿಮೆಂಟ್ ತಯಾರಿಕೆಯದು, ಗಟ್ಟಿ ಇರೋ ಕಟ್ಟಡ ಒಡೆದಾಗ ಒಮ್ಮೆ ಬಿಟ್ಟ ಆ ಹೊಗೆಯೂ ವ್ಯರ್ಥ, ಮತ್ತೆ ಕಟ್ಟೋಕೆ ಇನ್ನಷ್ಟು ಹೊಗೆ.

ಅಂದ ಹಾಗೆ, ಬೋರ್ಡೋದ ಆ 530 ಮನೆಗಳಲ್ಲಿ ಹೆಚ್ಚುವರಿ ಜಾಗವನ್ನು ಹೇಗೆ ಬಳಸಬೇಕು ಅಂತ ಆರ್ಕಿಟೆಕ್ಟ್‌ಗಳು ಹೇಳಲಿಲ್ಲ. ಇದು ಊಟದ ಕೋಣೆ, ಇದು ಓದೋ ಕೋಣೆ ಅಂತ ಬೋರ್ಡ್ ಹಾಕಲಿಲ್ಲ. ಫೋಟೋಗಳನ್ನು ನೋಡಿದರೆ ಗೊತ್ತಾಗುತ್ತೆ, ಒಬ್ಬರು ಅಲ್ಲಿ ಕುಂಡಗಳ ಕಾಡು ಬೆಳೆಸಿದ್ದಾರೆ, ಒಬ್ಬರು ಡೈನಿಂಗ್ ಟೇಬಲ್ ಹಾಕಿದ್ದಾರೆ, ಇನ್ನೊಬ್ಬರು ಒಗೆದ ಬಟ್ಟೆ ಹರವಿದ್ದಾರೆ.